ಹಳೇ ಸ್ಲಾಟ್ ಕಾರಿಗೆ ಹಿತ್ತಾಳೆ–ತಂತಿ ಚಾಸಿ: ಕಟ್ಟುವುದು ಹೇಗೆ, ಗಟ್ಟಿ ಮಾಡುವುದು ಎಲ್ಲಿ

ಸ್ಲಾಟ್ ಕಾರಿನ ಚಾಸಿ ಕಟ್ಟಲು ಕೂತವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಇನ್ನೂ ಗಟ್ಟಿ ಮಾಡೋದು ಹೇಗೆ? ಆದರೆ ಎಲ್ಲವೂ ಗಟ್ಟಿಯಾದ ಚಾಸಿ ಟ್ರ್ಯಾಕಿನ ಮೇಲೆ ಕುಣಿಯುತ್ತದೆ, ತಿರುವಿನಲ್ಲಿ ಹಾರಿ ಹೋಗುತ್ತದೆ. ಗೇರ್ ಮತ್ತು ಹಿಂದಿನ ಆಕ್ಸಲ್ ಇರುವ ಜಾಗ ಕೂದಲೆಳೆಯಷ್ಟೂ ಅಲುಗಬಾರದು. ಅಲ್ಲಿಂದ ಮುಂದಕ್ಕೆ ಚಾಸಿ ಸ್ವಲ್ಪ ಬಾಗಬೇಕು, ಸ್ವಲ್ಪ ತಿರುಚಿಕೊಳ್ಳಬೇಕು. ಕೆಳಗೆ ಹೇಳಿರುವ ಪ್ರತಿ ಹಂತವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಹೊಸಬರಿಗೆ ಎರಡು ಮಾತು. ಸ್ಲಾಟ್ ಕಾರು ಅಂದರೆ ಕರೆಂಟಿನಲ್ಲಿ ಓಡುವ ಪುಟ್ಟ ಮಾದರಿ ಕಾರು. ಸ್ಲಾಟ್ ಕಾರಿನ ಟ್ರ್ಯಾಕಿನಲ್ಲಿ ಒಂದು ಸೀಳು ಇರುತ್ತದೆ. ಅದರ ಎರಡೂ ಪಕ್ಕದಲ್ಲಿ ಕರೆಂಟ್ ಹರಿಯುವ ಲೋಹದ ಪಟ್ಟಿ. ಕಾರಿನ ಮೂತಿಯ ಕೆಳಗಿರುವ ಗೈಡ್ ಆ ಸೀಳಿನಲ್ಲಿ ಓಡುತ್ತದೆ, ಅದರ ಬ್ರೇಡ್, ಅಂದರೆ ಹೆಣೆದ ಲೋಹದ ತಂತಿ, ಆ ಪಟ್ಟಿಯಿಂದ ಕರೆಂಟ್ ಎತ್ತಿಕೊಳ್ಳುತ್ತದೆ. ಸ್ಟಿಯರಿಂಗ್ ಇಲ್ಲ. ನಿಮ್ಮ ಕೈಯಲ್ಲಿ ಇರುವುದು ವೇಗ ಮಾತ್ರ.

ಬ್ರಿಟನ್ನಿನಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಸ್ಲಾಟ್ ಕಾರ್ ಸೆಟ್ 1957ರಲ್ಲಿ ಬಂತು. 1960ರ ದಶಕದ ನಡುವಿನಲ್ಲಿ ಅಮೆರಿಕದ ಊರೂರಿನಲ್ಲೂ ದುಡ್ಡು ಕೊಟ್ಟು ಕಾರು ಓಡಿಸುವ ದೊಡ್ಡ ಟ್ರ್ಯಾಕ್‌ಗಳು ತೆರೆದವು. ಆ ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಮುಚ್ಚಿಯೂ ಹೋದವು. ಆ ಕೆಲವೇ ವರ್ಷಗಳಲ್ಲಿ ಚಾಸಿ ಕಟ್ಟುವ ಕಲೆ ಓಡಿದ ವೇಗ ಮಾತ್ರ ಸೋಜಿಗ. ಶುರುವಿನಲ್ಲಿ ಒತ್ತಿ ಮಾಡಿದ ಅಲ್ಯೂಮಿನಿಯಂ ಇಲ್ಲವೇ ಹಿತ್ತಾಳೆ ತಗಡಿನ ಚಾಸಿ, ಕಾಕ್ಸ್ ಕಂಪನಿಯ ಎರಕದ ಮೆಗ್ನೀಸಿಯಂ ಚಾಸಿ. ಆಮೇಲೆ ರೇಸಿನವರು ತಾವೇ ಹಿತ್ತಾಳೆ ಸಲಾಕೆ, ಪಿಯಾನೋ ತಂತಿ ಬೆಸೆದು ಕಟ್ಟತೊಡಗಿದರು. 1968ರ ಹೊತ್ತಿಗೆ ಮೋಟಾರನ್ನು ಓರೆಯಾಗಿ ಕೂರಿಸುವ ಆ್ಯಂಗಲ್‌ವೈಂಡರ್ ಬಂದು ಹಳೆಯ ವಿನ್ಯಾಸಗಳನ್ನು ಮೂಲೆಗೆ ತಳ್ಳಿತು.

ನಾವಿಲ್ಲಿ ಕಟ್ಟುವುದು ಅದಕ್ಕಿಂತ ಸ್ವಲ್ಪ ಹಿಂದಿನ, 1966–67ರ ಶೈಲಿಯ ಇನ್‌ಲೈನ್ ಚಾಸಿ. ಅಂದರೆ ಮೋಟಾರ್ ಕಾರಿನ ಉದ್ದಕ್ಕೆ ಮಲಗಿರುತ್ತದೆ, ಅದರ ಶಾಫ್ಟಿನ ಪುಟ್ಟ ಗೇರ್, ಅಂದರೆ ಪಿನಿಯನ್, ಹಿಂದಿನ ಆಕ್ಸಲ್‌ನ ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ. ಅಳತೆ 1/24. ಬಾಡಿ ಫೋರ್ಡ್ ಜಿಟಿ40 ಇರಲಿ. ನಿಜವಾದ ಕಾರಿನ ಎರಡು ಆಕ್ಸಲ್‌ಗಳ ನಡುವಿನ ದೂರ ಸುಮಾರು 95 ಇಂಚು. 24ರಿಂದ ಭಾಗಿಸಿದರೆ 4 ಇಂಚಿಗೆ ಒಂಚೂರು ಕಡಿಮೆ, ಅಂದರೆ 100 ಮಿ.ಮೀ. ಚಿಲ್ಲರೆ. ಮೋಟಾರ್ ಜಪಾನಿನ ಮಬುಚಿಯ ಎಫ್‌ಟಿ-16ಡಿ ಅಥವಾ ಅದೇ ಗಾತ್ರದ ಇವತ್ತಿನ ಮೋಟಾರ್.

ಸಾಮಾನು

ಮುಖ್ಯ ಹಳಿಗಳಿಗೆ, ಅಂದರೆ ಚಾಸಿಯ ಉದ್ದದ ತಂತಿಗಳಿಗೆ, 1.6 ಮಿ.ಮೀ. ಪಿಯಾನೋ ತಂತಿ. ಇದು ಕಾರ್ಬನ್ ಹೆಚ್ಚಿರುವ ಸ್ಪ್ರಿಂಗ್ ಉಕ್ಕು. ನಮ್ಮಲ್ಲಿ ಏರೋಮಾಡೆಲಿಂಗ್ ಸಾಮಾನು ಮಾರುವವರ ಹತ್ತಿರ, ಸ್ಪ್ರಿಂಗ್ ಮಾಡುವವರ ಹತ್ತಿರ ಕೇಳಿ. ಮ್ಯೂಸಿಕ್ ವೈರ್ ಅಂದರೂ ಅದೇ. ಸುರುಳಿಯಿಂದ ಬಿಚ್ಚಿದ ತಂತಿ ಬೇಡ, ನೇರ ತುಂಡು ತನ್ನಿ. ಸುರುಳಿ ತಂತಿಯನ್ನು ಎಷ್ಟು ನೇರ ಮಾಡಿದರೂ ಒಳಗೊಳಗೇ ಬಾಗು ಉಳಿದಿರುತ್ತದೆ, ಬಿಸಿ ತಗುಲಿದಾಗ ಚಾಸಿಯನ್ನು ಎಳೆದುಬಿಡುತ್ತದೆ. ಸೈಕಲ್ ಕಡ್ಡಿ ನಡೆಯುತ್ತದಾ ಅಂತ ಕೇಳುತ್ತಾರೆ. ಸಾಮಾನ್ಯ ಕಡ್ಡಿ 2 ಮಿ.ಮೀ. ಇರುತ್ತದೆ. ಅಡ್ಡಪಟ್ಟಿಗೆ, ಆಸರೆ ತುಂಡಿಗೆ ನಡೆಯುತ್ತದೆ. ಹಳಿಗೆ ಬೇಡ. ಸ್ಟೇನ್‌ಲೆಸ್ ಕಡ್ಡಿಗಂತೂ ಬೆಸುಗೆ ಹಿಡಿಸುವುದು ಕಷ್ಟ.

ಹಿತ್ತಾಳೆಯಲ್ಲಿ ಬೇಕಾದದ್ದು: 1.6 ಮಿ.ಮೀ. ದಪ್ಪದ ತಗಡು (ಮೋಟಾರ್ ಮತ್ತು ಹಿಂದಿನ ಆಕ್ಸಲ್ ಹಿಡಿಯುವ ಬ್ರ್ಯಾಕೆಟ್‌ಗೆ, ಗೈಡ್ ಹೊತ್ತು ಕೀಲಿನ ಮೇಲೆ ಆಡುವ ಡ್ರಾಪ್ ಆರ್ಮ್‌ಗೆ), 0.8 ಮಿ.ಮೀ. ಪಟ್ಟಿ (ಬಾಡಿ ಹಿಡಿಯುವ ಪಕ್ಕದ ಪ್ಯಾನ್‌ಗೆ), ಆಕ್ಸಲ್‌ಗೆ ಮತ್ತು ಕೀಲಿಗೆ ಕೊಳವೆ. ಕೊಳವೆಯ ಅಳತೆ ಬೇರಿಂಗ್ ನೋಡಿ ತೀರ್ಮಾನಿಸಿ. 1/8 ಇಂಚಿನ ಆಕ್ಸಲ್‌ಗೆ 3/16 ಇಂಚು ಹೊರ ಅಳತೆಯ ಬೇರಿಂಗ್ ಹಾಕುವುದಾದರೆ 7/32 ಇಂಚಿನ ತೆಳು ಕೊಳವೆ ಸರಿಹೋಗುತ್ತದೆ.

ಬೆಸುಗೆಗೆ ಎರಡು ಬಗೆಯ ಸೋಲ್ಡರ್ ಇಟ್ಟುಕೊಳ್ಳಿ. 63/37 ತವರ–ಸೀಸ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 96/4 ತವರ–ಬೆಳ್ಳಿ 221 ಡಿಗ್ರಿಯಲ್ಲಿ. ಮೊದಲು ಮಾಡುವ ಬೆಸುಗೆಗಳಿಗೆ ಎರಡನೆಯದು, ಆಮೇಲಿನದಕ್ಕೆ ಮೊದಲನೆಯದು. ಆ 38 ಡಿಗ್ರಿ ವ್ಯತ್ಯಾಸ ಇರುವುದರಿಂದಲೇ ಪಕ್ಕದಲ್ಲಿ ಕೆಲಸ ಮಾಡುವಾಗ ಹಳೇ ಬೆಸುಗೆ ಬಿಚ್ಚಿಕೊಳ್ಳುವುದಿಲ್ಲ.

ರೇಡಿಯೋ ರಿಪೇರಿಯ 25 ವಾಟ್ ಸೋಲ್ಡರಿಂಗ್ ಐರನ್ ಇಲ್ಲಿ ಸಾಲದು. 80 ವಾಟ್ ಅಥವಾ ಮೇಲಿನದು, ಅಗಲ ಮೂತಿಯದು ಬೇಕು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ. ಫ್ಲಕ್ಸ್ (ಸೋಲ್ಡರ್ ಹಿಡಿಯುವಂತೆ ಲೋಹದ ಮೈ ಶುದ್ಧ ಮಾಡುವ ವಸ್ತು) ಆ್ಯಸಿಡ್ ಬಗೆಯದೇ ಆಗಬೇಕು, ಉಕ್ಕಿನ ತಂತಿಗೆ ರಾಳದ ಫ್ಲಕ್ಸ್ ಸರಿಯಾಗಿ ಹಿಡಿಯುವುದಿಲ್ಲ. ಕಿಟಕಿ ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ. ಸೀಸದ ಸೋಲ್ಡರ್ ಮುಟ್ಟಿದ ಕೈ ತೊಳೆಯದೆ ತಿಂಡಿಗೆ ಕೈ ಹಾಕಬೇಡಿ.

ಜಿಗ್: ಇದಿಲ್ಲದೆ ಶುರು ಮಾಡಬೇಡಿ

ಚಾಸಿಯನ್ನು ಕೈಯಲ್ಲಿ ಹಿಡಿದು ಬೆಸೆದರೆ ಸೊಟ್ಟ ಬರುವುದು ಖಂಡಿತ. ತುಂಡುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಹಲಗೆಯೇ ಜಿಗ್. ರೆಡಿ ಜಿಗ್ ಸಿಗುತ್ತದೆ, ಆದರೆ ಒಂದೆರಡು ಕಾರಿಗೆ ಮನೆಯದೇ ಸಾಕು. 18 ಮಿ.ಮೀ. ಎಂಡಿಎಫ್ ಹಲಗೆ ತಗೊಳ್ಳಿ. ನೇರ ಅಂಚಿಟ್ಟು ನೋಡಿ, ಮಟ್ಟವಾಗಿರಬೇಕು. ಉದ್ದಕ್ಕೆ ನಡುಗೆರೆ ಎಳೆಯಿರಿ. ಮೂಲೆಮಟ್ಟ ಇಟ್ಟು ಅದಕ್ಕೆ ಅಡ್ಡವಾಗಿ ಎರಡು ಗೆರೆ, ಒಂದು ಹಿಂದಿನ ಆಕ್ಸಲ್‌ಗೆ, ಇನ್ನೊಂದು ಮುಂದಿನದಕ್ಕೆ. ಈ ಗೆರೆಗಳು ಕರಾರುವಾಕ್ಕಾಗಿ ಇದ್ದರೆ ಅರ್ಧ ಕಾರು ಆದಂತೆ.

ಈಗ ಎತ್ತರದ ಲೆಕ್ಕ. ಹಿಂದಿನ ಟೈರಿನ ವ್ಯಾಸ 27 ಮಿ.ಮೀ. ಅಂದುಕೊಳ್ಳಿ. ಆಕ್ಸಲ್‌ನ ನಡು ನೆಲದಿಂದ 13.5 ಮಿ.ಮೀ. ಮೇಲಿರುತ್ತದೆ. ಚಾಸಿಯ ತಳ ನೆಲದಿಂದ 1.5 ಮಿ.ಮೀ. ಮೇಲಿರಬೇಕು. ಹಾಗಾದರೆ ಹಲಗೆಯ ಮೇಲೆ ಮಲಗಿಸಿದ ಚಾಸಿಯ ತಳದಿಂದ ಆಕ್ಸಲ್‌ನ ನಡು 12 ಮಿ.ಮೀ. ಎತ್ತರ. ಇದೇ ಎತ್ತರದಲ್ಲಿ ತೂತು ಕೊರೆದ ಎರಡು ಅಲ್ಯೂಮಿನಿಯಂ ಕಂಬ ಮಾಡಿ, ಗೆರೆಯ ಎರಡು ತುದಿಗೆ ಸ್ಕ್ರೂ ಹಾಕಿ ನಿಲ್ಲಿಸಿ. ಅಲ್ಯೂಮಿನಿಯಂ ಯಾಕೆ? ಅದಕ್ಕೆ ಮಾಮೂಲಿ ಸೋಲ್ಡರ್ ಅಂಟುವುದಿಲ್ಲ. ಎರಡು ಕಂಬಗಳನ್ನು ಒಟ್ಟಿಗೆ ವೈಸ್‌ನಲ್ಲಿ ಕಚ್ಚಿಸಿ ಒಂದೇ ಸಲಕ್ಕೆ ತೂತು ಕೊರೆದರೆ ಎತ್ತರ ಏರುಪೇರಾಗುವ ಪ್ರಶ್ನೆಯೇ ಇಲ್ಲ.

ಕ್ರೌನ್ ಗೇರಿನ ವ್ಯಾಸವನ್ನೂ ಈಗಲೇ ನೋಡಿಕೊಳ್ಳಿ. ಗೇರ್ ನೆಲಕ್ಕೆ ತಾಗಬಾರದು ಅಲ್ವಾ? ಟೈರ್ ಸವೆದ ಮೇಲೂ ತಾಗಬಾರದು.

ಹಿಂದಿನ ಬ್ರ್ಯಾಕೆಟ್

ಸಮಯ ಕಮ್ಮಿ ಇದ್ದರೆ ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಮಾತ್ರ ಬೇಡ.

1.6 ಮಿ.ಮೀ. ತಗಡಿನಿಂದ ಪಟ್ಟಿ ಕತ್ತರಿಸಿ 'ಯು' ಆಕಾರಕ್ಕೆ ಬಗ್ಗಿಸಬೇಕು. ಯು-ವಿನ ತಳ ಮೋಟಾರಿನ ಮುಖಕ್ಕೆ ಒರಗುತ್ತದೆ, ಎರಡು ತೋಳುಗಳು ಹಿಂದಕ್ಕೆ ಚಾಚಿ ಆಕ್ಸಲ್ ಹಿಡಿಯುತ್ತವೆ. ಬಗ್ಗಿಸುವ ಮೊದಲೇ ಶಾಫ್ಟಿನ ತೂತು, ಸ್ಕ್ರೂ ತೂತುಗಳನ್ನು ನಿಮ್ಮ ಮೋಟಾರ್ ಅಳೆದು ಕೊರೆಯಿರಿ. ಗಟ್ಟಿ ಹಿತ್ತಾಳೆಯನ್ನು ಚೂಪು ಮೂಲೆಗೆ ಬಗ್ಗಿಸಿದರೆ ಹೊರಮೈ ಬಿರಿಯುತ್ತದೆ. ಸಣ್ಣ ಸುತ್ತು ಬಿಟ್ಟು ಬಗ್ಗಿಸಿ. ಆಮೇಲೆ ಒಳಮೂಲೆಗೆ ಒಂದು ತುಂಡು ಹಿತ್ತಾಳೆ ತಂತಿ ಇಟ್ಟು ಸೋಲ್ಡರ್ ತುಂಬಿ. ಬಾಗಿದ ಜಾಗಕ್ಕೆ ಕಳೆದುಹೋದ ಬಲ ವಾಪಸ್ ಬರುತ್ತದೆ.

ಆಕ್ಸಲ್ ಕೊಳವೆಯನ್ನು ಎರಡು ತುಂಡು ಮಾಡಿ ಒಂದೊಂದು ತೋಳಿಗೆ ಬೆಸೆಯಬೇಡಿ. ಎಷ್ಟೇ ಹುಷಾರಾಗಿದ್ದರೂ ಎರಡೂ ಒಂದೇ ನೇರಕ್ಕೆ ಬರುವುದಿಲ್ಲ. ಎರಡೂ ತೋಳಿಗೆ ತೂತು ಕೊರೆದು ಒಂದೇ ಉದ್ದ ಕೊಳವೆ ತೂರಿಸಿ. ಅದನ್ನು ಜಿಗ್‌ನ ಕಂಬಗಳ ನಡುವೆ ಸರಿಯಾಗಿ ಕೂರಿಸಿ ಬೆಸೆಯಿರಿ. ತಣ್ಣಗಾದ ಮೇಲೆ ಕ್ರೌನ್ ಗೇರ್ ಕೂರುವ ನಡುಭಾಗವನ್ನಷ್ಟೇ ಕತ್ತರಿಸಿ ತೆಗೆಯಿರಿ. ಈಗ ಉಳಿದ ಎರಡು ತುಂಡೂ ಹುಟ್ಟಿನಿಂದಲೇ ಒಂದೇ ಗೆರೆಯಲ್ಲಿರುತ್ತವೆ. ಅಂಚುಗಳನ್ನು ಸಣ್ಣ ಅರದಿಂದ ಉಜ್ಜಿ, ಈಗ ನೋಡುವುದಕ್ಕಷ್ಟೇ ಬೇರಿಂಗ್ ಕೂರಿಸಿ, ಆಕ್ಸಲ್ ತೂರಿಸಿ. ಚಾಸಿಯನ್ನು ಓರೆ ಹಿಡಿದರೆ ಆಕ್ಸಲ್ ತನ್ನಷ್ಟಕ್ಕೆ ಜಾರಿ ಬೀಳಬೇಕು. ಬೀಳದಿದ್ದರೆ ಎಲ್ಲೋ ಕಚ್ಚುತ್ತಿದೆ.

ಬೇರಿಂಗಿನಲ್ಲಿ ಎಣ್ಣೆ ಹೀರಿಕೊಂಡ ಕಂಚು ಇರುತ್ತದೆ. ಹತ್ತಿರದಲ್ಲಿ ಬೆಸೆದರೆ ಎಣ್ಣೆ ಬಿಸಿಗೆ ಹೊರಬಂದು ಬಿಡುತ್ತದೆ, ಫ್ಲಕ್ಸ್ ಒಳಗೆ ಹೋಗುತ್ತದೆ. ಆದ್ದರಿಂದ ಬೇರಿಂಗ್ ಕೊನೆಗೆ ಹಾಕಿ. ಬೆಸೆಯಲೇಬೇಕಾದರೆ ಎಣ್ಣೆ ಸವರಿದ ಹಳೇ ಆಕ್ಸಲ್ ತೂರಿಸಿಟ್ಟುಕೊಳ್ಳಿ, ಸೋಲ್ಡರ್ ಒಳಗೆ ಹರಿಯುವುದಿಲ್ಲ.

ಇನ್‌ಲೈನ್ ಕಾರಿನಲ್ಲಿ ಮೋಟಾರ್ ಶಾಫ್ಟಿನ ಗೆರೆ ಆಕ್ಸಲ್ ಗೆರೆಯನ್ನು ಸರಿಯಾಗಿ 90 ಡಿಗ್ರಿಯಲ್ಲಿ, ಒಂದೇ ಎತ್ತರದಲ್ಲಿ ಸಂಧಿಸಬೇಕು. ಶಾಫ್ಟಿನ ತುದಿ ಆಕ್ಸಲ್‌ಗೆ ತಾಗದಂತೆ ಚೂರು ಮುಂಚೆಯೇ ನಿಲ್ಲಬೇಕು. ನೀವು ವೇಗ ಕೊಡುವ ಟ್ರಿಗರ್ ಒತ್ತಿದ ಕೂಡಲೇ ಎರಡು ಸಂಗತಿ ನಡೆಯುತ್ತವೆ. ಒಂದು, ಪಿನಿಯನ್ ಕ್ರೌನ್ ಗೇರನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡು, ಮೋಟಾರ್ ತಾನು ಶಾಫ್ಟಿಗೆ ಎದುರು ದಿಕ್ಕಿನಲ್ಲಿ ಹೊರಳಲು ನೋಡುತ್ತದೆ. ಬ್ರ್ಯಾಕೆಟ್ಟಿನ ತೋಳು ಸ್ವಲ್ಪ ಬಿಟ್ಟುಕೊಟ್ಟರೂ ಹಲ್ಲುಗಳು ದೂರವಾಗುತ್ತವೆ, ಕರಕರ ಸದ್ದು ಶುರು. ನೋಡನೋಡುತ್ತಿದ್ದಂತೆ ಗೇರ್ ಹಲ್ಲು ಬೋಳು.

ಅದಕ್ಕೇ ಇಲ್ಲಿ ತ್ರಿಕೋನದ ಆಸರೆ ಬೇಕು. 1.6 ಮಿ.ಮೀ. ತಂತಿಯ ಎರಡು ತುಂಡು ತಗೊಳ್ಳಿ. ಒಂದು ತುದಿ ಬ್ರ್ಯಾಕೆಟ್ಟಿನ ಮೋಟಾರ್ ಮುಖದ ಮೇಲಂಚಿಗೆ, ಇನ್ನೊಂದು ತುದಿ ಆಕ್ಸಲ್ ಕೊಳವೆಯ ಹೊರತುದಿಗೆ. ಎಡಕ್ಕೊಂದು, ಬಲಕ್ಕೊಂದು. ಮೋಟಾರಿನ ಇನ್ನೊಂದು ತುದಿ ಗಾಳಿಯಲ್ಲಿ ತೂಗಾಡದಂತೆ ಅದರ ಕೆಳಗೂ ಹಳಿಯಿಂದ ಹಳಿಗೆ ಒಂದು ಅಡ್ಡಪಟ್ಟಿ ಹಾಕಿ. ಆ ಕಾಲದ ರೇಸಿನವರು ಮೋಟಾರಿನ ಡಬ್ಬಿಯನ್ನೇ ಚಾಸಿಗೆ ಬೆಸೆದುಬಿಡುತ್ತಿದ್ದರು. ಗಟ್ಟಿಯೇನೋ ಹೌದು. ಆದರೆ ಹಳೇ ಮೋಟಾರ್ ಈಗ ಸುಲಭಕ್ಕೆ ಸಿಗಲ್ಲ, ಆಯಸ್ಕಾಂತಕ್ಕೆ ಬಿಸಿ ಒಳ್ಳೆಯದಲ್ಲ. ಸ್ಕ್ರೂ ಹಾಕುವುದೇ ಜಾಣತನ. ಬೆಸುಗೆ ಕೆಲಸ ನಡೆಯುವಾಗ ಮೋಟಾರ್ ಮೇಜಿನ ಮೇಲೂ ಬೇಡ. ಅರದ ಪುಡಿಯಲ್ಲಿರುವ ಉಕ್ಕಿನ ಚೂರುಗಳನ್ನೆಲ್ಲ ಅದು ಎಳೆದುಕೊಳ್ಳುತ್ತದೆ.

ಬೆಸುಗೆ ಹಿಡಿಯುವ ಬಗೆ

ಸೋಲ್ಡರ್ ಅಂದರೆ ಅಂಟು ಅಲ್ಲ, ಸಂದು ತುಂಬುವ ಸಿಮೆಂಟೂ ಅಲ್ಲ. ಎರಡು ಲೋಹಗಳು ಎಷ್ಟು ಹತ್ತಿರ ಕೂತಿವೆ, ಎಷ್ಟು ಉದ್ದ ಮುಟ್ಟಿವೆ, ಬಲ ನಿಂತಿರುವುದು ಅದರ ಮೇಲೆ. ತಂತಿಯ ತುದಿಯನ್ನು ತಗಡಿನ ಅಂಚಿಗೆ ಒತ್ತಿಟ್ಟು ಬೆಸೆದರೆ ಮೊದಲ ಡಿಕ್ಕಿಗೇ ಕಿತ್ತು ಬರುತ್ತದೆ. ಕನಿಷ್ಠ 6 ಮಿ.ಮೀ. ಒಂದರ ಮೇಲೊಂದು ಮಲಗಿರಲಿ. ಸಲಾಕೆಗೆ ಸಲಾಕೆ ಅಡ್ಡ ಸೇರುವ ಕಡೆ ದುಂಡು ಅರದಿಂದ ಅರ್ಧಚಂದ್ರದ ಕಚ್ಚು ಮಾಡಿ ಕೂರಿಸಿ.

ತಂತಿಯನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಬೇಡಿ, ಪ್ಲೇಯರ್‌ನ ಬಾಯಿ ಮುರಿಯುತ್ತದೆ, ತುಂಡು ಸಿಡಿದು ಕಣ್ಣಿಗೆ ಬೀಳಬಹುದು. ಕತ್ತರಿಸುವ ಚಕ್ರವೇ ಸರಿ. ಬಗ್ಗಿಸುವುದು ತಣ್ಣಗಿರುವಾಗಲೇ. ಕೆಂಪಗೆ ಕಾಯಿಸಿದರೆ ಅದರ ಸ್ಪ್ರಿಂಗ್ ಗುಣ ಹೋಯಿತು, ಆಮೇಲೆ ಅದು ಬರೀ ಮೊಳೆ.

ಬೆಸೆಯುವ ಜಾಗವನ್ನು 320 ನಂಬರ್ ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ. ಆಮೇಲೆ ಬೆರಳು ಮುಟ್ಟಿಸಬೇಡಿ. ಎರಡೂ ತುಂಡಿಗೆ ಬೇರೆ ಬೇರೆಯಾಗಿ ತೆಳುವಾಗಿ ಸೋಲ್ಡರ್ ಬಳಿದಿಟ್ಟುಕೊಳ್ಳಿ. ಜೋಡಿಸಿ, ಫ್ಲಕ್ಸ್ ಒಂದು ಹನಿ ಹಾಕಿ, ಐರನ್ನಿನ ಮೂತಿಯನ್ನು ದಪ್ಪ ಇರುವ ತುಂಡಿಗೆ ಒತ್ತಿ ಹಿಡಿಯಿರಿ. ಫ್ಲಕ್ಸ್ ಚುರ್ ಅಂತ ಕುದಿದು ಆರುತ್ತದೆ. ಆಗ ಸೋಲ್ಡರನ್ನು ಐರನ್‌ಗಲ್ಲ, ಎದುರು ಪಕ್ಕದಿಂದ ಲೋಹಕ್ಕೆ ಮುಟ್ಟಿಸಿ. ಮೊದಲು ಗುಂಡಿನ ಹಾಗೆ ನಿಲ್ಲುತ್ತದೆ. ಲೋಹ ಹದಕ್ಕೆ ಬಂದ ಗಳಿಗೆಯಲ್ಲಿ ಗುಂಡು ಕುಸಿದು, ಕನ್ನಡಿಯಂತೆ ಹೊಳೆಯುತ್ತಾ ಸಂದಿನೊಳಕ್ಕೆ ಓಡುತ್ತದೆ. ಸೋಲ್ಡರ್ ಯಾವಾಗಲೂ ಬಿಸಿ ಇರುವ ಕಡೆಗೇ ಹರಿಯುವುದು. ಐರನ್ ತೆಗೆಯಿರಿ. ಉಸಿರು ಬಿಗಿಹಿಡಿದು ಹಾಗೇ ಇರಿ. ಹೊಳಪು ತುಸು ಮಂಕಾದರೆ ಗಟ್ಟಿಯಾಯಿತು ಅಂತ. ಮರಳು ಮರಳಾಗಿ ಕಂಡರೆ ನಡುವೆ ಅಲುಗಿದೆ ಅಥವಾ ಬಿಸಿ ಸಾಲಲಿಲ್ಲ. ಫ್ಲಕ್ಸ್ ಹಾಕಿ ಮತ್ತೆ ಕಾಯಿಸಿ.

ಡಿಕ್ಕಿಯ ಪೆಟ್ಟು ಬೀಳುವ ಸೇರುವೆಗಳಿಗೆ ಇನ್ನೊಂದು ಉಪಾಯ ಇದೆ. 0.3–0.4 ಮಿ.ಮೀ. ತಾಮ್ರದ ತಂತಿಯನ್ನು ಐದಾರು ಸುತ್ತು ಬಿಗಿಯಾಗಿ ಸುತ್ತಿ ಅದರ ಮೇಲೆ ಬೆಸೆಯಿರಿ. ಈಗ ಪೆಟ್ಟನ್ನು ಸೋಲ್ಡರ್ ಒಂದೇ ತಾಳಬೇಕಾಗಿಲ್ಲ. ನೋಡಲೂ ಹಳೇ ಕಾಲದ ಕೈಕೆಲಸದ ಹಾಗೆ ಚೆನ್ನಾಗಿರುತ್ತದೆ.

ಹಳಿಗಳು: ಎಷ್ಟು ಬಾಗಬೇಕು?

ಹಳಿ ಅಂದರೆ ಹಿಂದಿನ ಬ್ರ್ಯಾಕೆಟ್ಟಿನಿಂದ ಮುಂದಿನ ಆಕ್ಸಲ್‌ವರೆಗೆ ಓಡುವ ಉದ್ದದ ತಂತಿಗಳು. ಮೋಟಾರಿನ ಎರಡೂ ಪಕ್ಕದಲ್ಲಿ ಎರಡೆರಡು ತಂತಿ ಹಾಕೋಣ. ಬ್ರ್ಯಾಕೆಟ್ಟಿನ ತೋಳಿಗೆ 12–15 ಮಿ.ಮೀ. ಮುಟ್ಟುವಂತೆ ಬೆಸೆಯಿರಿ. ಮುಂದೆ ಒಂದು ಹಿತ್ತಾಳೆ ಅಡ್ಡಪಟ್ಟಿ.

ದುಂಡು ತಂತಿಯ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 1.2 ಮಿ.ಮೀ. ಬದಲು 1.6 ಹಾಕಿದರೆ ನೋಡಲು ಅಂಥ ವ್ಯತ್ಯಾಸ ಇಲ್ಲ, ಬಿಗಿ ಮಾತ್ರ ಮೂರು ಪಟ್ಟಿಗೂ ಜಾಸ್ತಿ. ಉಕ್ಕು ಹಿತ್ತಾಳೆಗಿಂತ ಸುಮಾರು ಎರಡು ಪಟ್ಟು ಬಿಗಿ. ಆದರೂ 3.2 ಮಿ.ಮೀ. ಹಿತ್ತಾಳೆ ಸಲಾಕೆ 1.6ರ ಉಕ್ಕಿನ ತಂತಿಗಿಂತ ಎಂಟು ಪಟ್ಟು ಬಿಗಿ ಬರುತ್ತದೆ, ವ್ಯಾಸ ಎರಡರಷ್ಟು ಇರುವುದಕ್ಕೆ. ತೂಕವೂ ಹಾಗೇ: 100 ಮಿ.ಮೀ. ಉದ್ದಕ್ಕೆ ಆ ಸಲಾಕೆ ಸುಮಾರು 6.8 ಗ್ರಾಂ, ತಂತಿ 1.6 ಗ್ರಾಂ.

ಎರಡು ತಂತಿಗಳನ್ನು ಹೇಗೆ ಇಡುತ್ತೀರಿ ಅನ್ನುವುದೂ ಮುಖ್ಯ. ಪಕ್ಕಪಕ್ಕ ಮಲಗಿಸಿದರೆ ಮೇಲೆ-ಕೆಳಗೆ ಬಾಗುವ ಬಿಗಿ ಎರಡು ಪಟ್ಟು ಮಾತ್ರ. ಅದೇ ಎರಡನ್ನು ಒಂದರ ಮೇಲೊಂದು ಇಟ್ಟು ಪೂರ್ತಿ ಉದ್ದಕ್ಕೂ ಬೆಸೆದರೆ ಹತ್ತು ಪಟ್ಟು! ಅದೇ ತಂತಿ, ಅದೇ ತೂಕ. ತುದಿಗಳಲ್ಲಿ ಮಾತ್ರ ಬೆಸೆದರೆ ನಡುವೆ ಒಂದರ ಮೇಲೊಂದು ಜಾರಿಕೊಂಡು ಅಷ್ಟು ಬಿಗಿ ಇರುವುದಿಲ್ಲ. ನನ್ನ ಆಯ್ಕೆ ಪಕ್ಕಪಕ್ಕದ ಜೋಡಿ, ಬೆಸುಗೆ ಎರಡು ತುದಿಗೆ ಮಾತ್ರ. ಬೇಕು ಅನ್ನಿಸಿದರೆ ಆಮೇಲೆ ನಡುವೆ ಒಂದೊಂದೇ ಬೊಟ್ಟು ಬೆಸುಗೆ ಇಟ್ಟು ಬಿಗಿ ಏರಿಸಬಹುದು. ಬಿಗಿ ಇಳಿಸುವುದು ಅಷ್ಟು ಸುಲಭವಲ್ಲ.

ಮುಂದಿನ ಆಕ್ಸಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೊಳವೆ ಬೆಸೆಯಿರಿ, ನೇರ ಇರಲಿ, ಚಕ್ರಗಳು ಹಗುರವಾಗಿ ತಿರುಗಲಿ. ಮುಂದಿನ ಚಕ್ರಗಳು ನೆಲವನ್ನು ಸುಮ್ನೆ ಸವರಿಕೊಂಡು ಓಡಿದರೆ ಸಾಕು, ಭಾರ ಗೈಡ್ ಮೇಲಿರಬೇಕು.

ಡ್ರಾಪ್ ಆರ್ಮ್ ಮತ್ತು ಗೈಡ್

ಗೈಡನ್ನು ಚಾಸಿಗೇ ಬಿಗಿಯಾಗಿ ಕೂರಿಸಿದರೆ ಮೂತಿ ಎದ್ದಾಗ ಗೈಡೂ ಎದ್ದು ಸೀಳಿನಿಂದ ಹೊರಗೆ ಬರುತ್ತದೆ. ಕೀಲಿನ ಮೇಲೆ ಇಳಿಯುವ ತೋಳಿಗೆ ಕೂರಿಸಿದರೆ ಮೂತಿ ಎದ್ದರೂ ಗೈಡ್ ಕೆಳಗೇ ಉಳಿಯುತ್ತದೆ, ಕರೆಂಟ್ ತಪ್ಪುವುದಿಲ್ಲ.

1.6 ಮಿ.ಮೀ. ಹಿತ್ತಾಳೆಯಿಂದ 12 ಮಿ.ಮೀ. ಅಗಲದ ನಾಲಿಗೆ ಕತ್ತರಿಸಿ. ಹಿಂದಿನ ತುದಿಗೆ ಅಡ್ಡವಾಗಿ ಒಂದು ಕೊಳವೆ ಬೆಸೆಯಿರಿ, ಒಳಗೆ ಪಿಯಾನೋ ತಂತಿಯ ಕಡ್ಡಿ. ಕಡ್ಡಿಯ ಎರಡು ತುದಿ ಹಳಿಗಳಿಗೆ. ಕಡ್ಡಿಯನ್ನು ಹಳಿಗೆ ಬೆಸೆಯುವಾಗ ಕೊಳವೆಯೊಳಗೆ ಸೋಲ್ಡರ್ ಹೋದರೆ ಕೀಲು ಸತ್ತಂತೆ. ಕೊಳವೆಯ ಎರಡು ಬಾಯಿಗೂ ಎಣ್ಣೆಯಲ್ಲಿ ಅದ್ದಿದ ಕಾಗದದ ವಾಷರ್ ಇಟ್ಟು ಬೆಸೆಯಿರಿ, ಆಮೇಲೆ ಹರಿದು ತೆಗೆಯಿರಿ. ಉಳಿದ ಸಣ್ಣ ಸಂದೇ ಕೀಲಿಗೆ ಬೇಕಾದ ಸಡಿಲ. ಅಡ್ಡಡ್ಡ ಅಲುಗಾಟ ಮಾತ್ರ ಇರಬಾರದು.

ತೋಳು ಇಳಿಯುವ ಮಿತಿ 1–1.5 ಮಿ.ಮೀ. ಸಾಕು. ಮೇಲಕ್ಕೆ ಮತ್ತು ಕೆಳಕ್ಕೆ ಎರಡೂ ಕಡೆ ತಂತಿ ತುಂಡಿನ ತಡೆ ಹಾಕಿ. ಗೈಡ್ ಕೊಳವೆ ಟ್ರ್ಯಾಕಿಗೆ ನೇರ ಲಂಬವಾಗಿ ನಿಂತಿದೆಯಾ ಅಂತ ಮುಂದಿನಿಂದಲೂ ಪಕ್ಕದಿಂದಲೂ ಮೂಲೆಮಟ್ಟ ಇಟ್ಟು ನೋಡಿ. ಸ್ವಲ್ಪ ಓರೆಯಾದರೂ ಬ್ರೇಡ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಅತಿ ಹೆಚ್ಚು ಪೆಟ್ಟು ತಿನ್ನುವುದು ಈ ನಾಲಿಗೆಯೇ. ಆದ್ದರಿಂದ ಗೈಡ್ ಕೊಳವೆಯ ಬುಡಕ್ಕೆ ಇನ್ನೊಂದು ಪದರ ತಗಡು ಬೆಸೆದು ದಪ್ಪ ಮಾಡಿ.

ಪ್ಯಾನ್, ಬಾಡಿ, ತೂಕ

ಪಕ್ಕದ ಪ್ಯಾನ್‌ಗಳು 0.8 ಮಿ.ಮೀ. ಪಟ್ಟಿಯವು. ಬಾಡಿಯನ್ನು ಪಿನ್ ಹಾಕಿ ಹಿಡಿಯುವ ಕೊಳವೆಗಳನ್ನು ಇವುಗಳ ಹೊರಂಚಿಗೆ ಬೆಸೆಯಿರಿ. ಪ್ಯಾನನ್ನು ಹಳಿಗೆ ಉದ್ದಕ್ಕೂ ಬೆಸೆದುಬಿಟ್ಟರೆ ಇಷ್ಟು ಹೊತ್ತು ಲೆಕ್ಕ ಹಾಕಿ ಉಳಿಸಿದ ಬಾಗು ಹೋಯಿತು. ಎರಡು ಕಡೆ 1.2 ಮಿ.ಮೀ. ತಂತಿಯ ಮೇಲೆ ನಿಲ್ಲಿಸಿ. 6 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಅಂಥ ಒಂದು ಪಟ್ಟಿ 2 ಗ್ರಾಂ ತೂಗುತ್ತದೆ, ಹಾಗಾಗಿ ತೂಕ ಸೇರಿಸಲು ಸೀಸದ ತುಂಡುಗಳಿಗಿಂತ ಇದೇ ಚೊಕ್ಕ. ತೂಕ ಎಲ್ಲಿ ಸೇರಿಸಿದರೂ ತಳದಲ್ಲೇ ಇರಲಿ.

ತೊಳೆಯುವುದು, ಪರೀಕ್ಷೆ

ಆ್ಯಸಿಡ್ ಫ್ಲಕ್ಸ್ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತಂತಿಗೆ ತುಕ್ಕು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೂಲೆ ಮೂಲೆ ತಿಕ್ಕಿ. ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ. ಇದಾದ ಮೇಲೆಯೇ ಬೇರಿಂಗ್ ಮತ್ತು ಮೋಟಾರ್.

ದಪ್ಪ ಗಾಜು ಅಥವಾ ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೆ ಚಕ್ರ ಹಾಕಿದ ಚಾಸಿ ಇಡಿ. ಗೈಡ್ ತೆಗೆದಿರಲಿ. ನಾಲ್ಕೂ ಟೈರಿನ ಕೆಳಗೆ ಒಂದೊಂದು ತೆಳು ಕಾಗದದ ಚೂರು. ಒಂದೊಂದಾಗಿ ಎಳೆಯಿರಿ. ಹಿಂದಿನ ಎರಡೂ ಒಂದೇ ಬಿಗಿಯಲ್ಲಿ ಬರಬೇಕು. ಒಂದು ಸುಲಭಕ್ಕೆ ಜಾರಿದರೆ ಚಾಸಿ ತಿರುಚಿಕೊಂಡಿದೆ. ಕೈಯಿಂದ ಹಿಂಡಿ ಸರಿಮಾಡಲು ಹೋಗಬೇಡಿ, ಸ್ಪ್ರಿಂಗ್ ಉಕ್ಕು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಜಿಗ್ ಮೇಲೆ ಇಟ್ಟು ಮುಂದಿನ ಅಡ್ಡಪಟ್ಟಿಯ ಬೆಸುಗೆಗಳನ್ನು ಕರಗಿಸಿ, ತಂತಿ ತಾನಾಗಿ ಸಡಿಲವಾಗಲು ಬಿಟ್ಟು, ಮತ್ತೆ ಗಟ್ಟಿಯಾಗಲು ಬಿಡಿ.

ಗೇರಿಗೆ ಒಂದು ಪರೀಕ್ಷೆ. ಪಿನಿಯನ್ ಮತ್ತು ಕ್ರೌನ್ ನಡುವೆ ಚೂರೇ ಚೂರು ಸಡಿಲ ಇರಬೇಕು. ಆಕ್ಸಲ್ ಅಡ್ಡಕ್ಕೆ ಜಾರುವುದು 0.1–0.2 ಮಿ.ಮೀ. ಒಳಗೆ ಇರಲಿ, ಜಾಸ್ತಿ ಇದ್ದರೆ ವಾಷರ್ ಹಾಕಿ. ಈಗ ಒಂದು ಕೈಯಲ್ಲಿ ಹಿಂದಿನ ಚಕ್ರ ಹಿಡಿದು, ಇನ್ನೊಂದರಲ್ಲಿ ಮೋಟಾರ್ ಡಬ್ಬಿಯನ್ನು ತಿರುಚಲು ನೋಡಿ. ಬ್ರ್ಯಾಕೆಟ್ ಅಲುಗಿದ್ದು ಕಣ್ಣಿಗೆ ಕಂಡರೆ ಆಸರೆ ಸಾಲದು.

ಟ್ರ್ಯಾಕಿನ ಮೇಲೆ ಕಾರು ತಿರುವಿನಲ್ಲಿ ಟಕಟಕ ಕುಣಿದರೆ ಹಳಿ ಬಿಗಿ ಜಾಸ್ತಿ. ವೇಗ ಕೊಟ್ಟಾಗ ಹಿಂಭಾಗ ತಡವಾಗಿ ಒದ್ದಂತೆ ಅನ್ನಿಸಿ, ತಿರುವಿನಿಂದ ಹೊರಬರುವಾಗ ಓಲಾಡಿದರೆ ಬಿಗಿ ಕಡಿಮೆ, ಬೊಟ್ಟು ಬೆಸುಗೆ ಸೇರಿಸಿ. ಎಡ ತಿರುವಿನಲ್ಲಿ ಚೆನ್ನಾಗಿದ್ದು ಬಲ ತಿರುವಿನಲ್ಲಿ ಕೆಟ್ಟದಾಗಿದ್ದರೆ ಮೊದಲು ಚಾಸಿ ತಿರುಚಿದೆಯಾ ನೋಡಿ. ಇಲ್ಲದಿದ್ದರೆ ಅದು ಮೋಟಾರ್ ಹೊರಳುವ ಬಲದ ಆಟ. ಹಗುರವಾಗುವ ಪಕ್ಕಕ್ಕೆ 2–3 ಗ್ರಾಂ ಸೇರಿಸಿ ನೋಡಿ. ಹಳೇ ಶೈಲಿಯ ರೇಸ್‌ಗೆ ಇಳಿಯುವವರು ಮಾತ್ರ ಅಲ್ಲಿನ ನಿಯಮ ಮೊದಲು ಓದಿಕೊಳ್ಳಿ. ಅಗಲ, ನೆಲದಿಂದ ಎತ್ತರ, ಬಳಸಬಹುದಾದ ಲೋಹ, ಎಲ್ಲಕ್ಕೂ ಮಿತಿ ಇರುತ್ತದೆ.

ಆ ಕಾಲದ್ದೇ ಚಾಸಿ ಕೈಗೆ ಸಿಕ್ಕಿದರೆ

ಇಲ್ಲಿ ನಿಯಮ ಬೇರೆ. ಹೊಸದು ಕಟ್ಟುವಾಗ ಧೈರ್ಯವಾಗಿ ಬೆಸೆಯಬಹುದು. 1960ರ ದಶಕದ ಅಸಲಿ ಚಾಸಿಗೆ ಮಾಡುವ ಯಾವುದೇ ಬಲಪಡಿಕೆ ಮುಂದೆ ಬಿಚ್ಚಿ ತೆಗೆಯುವಂತಿರಬೇಕು. ಮೊದಲು ಅದು ಯಾವ ಲೋಹ ಅಂತ ತಿಳಿಯಿರಿ. ಮಾಡುವ ರೀತಿ ಅದರ ಮೇಲೆ ನಿಂತಿದೆ.

ಹಿತ್ತಾಳೆ–ತಂತಿಯದಾದರೆ ಮುರಿಯುವ ಜಾಗಗಳು ಗೊತ್ತಿರುವವೇ: ಕೀಲಿನ ಕಡ್ಡಿಯ ತುದಿ, ಗೈಡ್ ನಾಲಿಗೆಯ ಬುಡ, ಆಕ್ಸಲ್ ಕೊಳವೆ ತೋಳಿಗೆ ಸೇರುವ ಕಡೆ. ಬಿಟ್ಟ ಬೆಸುಗೆಯ ಮೇಲೆ ಹೊಸ ಸೋಲ್ಡರ್ ಸುರಿಯಬೇಡಿ. ಒಳಗೆ ತುಕ್ಕು, ಹಳೇ ಫ್ಲಕ್ಸ್ ಇರುತ್ತದೆ. ಪೂರ್ತಿ ಬಿಚ್ಚಿ, ಉಜ್ಜಿ, ಹೊಸದಾಗಿ ಬೆಸೆಯಿರಿ. ಪಕ್ಕದ ಸೇರುವೆಗಳು ಕರಗದಂತೆ ಒದ್ದೆ ಬಟ್ಟೆ ಸುತ್ತಿ ಅಥವಾ ಅಲ್ಯೂಮಿನಿಯಂ ಕ್ಲಿಪ್ ಕಚ್ಚಿಸಿ.

ಅಲ್ಯೂಮಿನಿಯಂ ತಗಡಿನ ಚಾಸಿಯಲ್ಲಿ ಬಿರುಕು ಹುಟ್ಟುವುದು ತೂತುಗಳ ಅಂಚಿನಿಂದ. ಬಿರುಕಿನ ತುದಿ ಹುಡುಕಿ ಅಲ್ಲಿಗೆ 1 ಮಿ.ಮೀ. ತೂತು ಕೊರೆಯಿರಿ, ಅದು ಮುಂದೆ ಓಡುವುದು ನಿಲ್ಲುತ್ತದೆ. ಕೆಳಗಿನಿಂದ 0.8 ಮಿ.ಮೀ. ಅಲ್ಯೂಮಿನಿಯಂ ತೇಪೆ ಇಟ್ಟು, ಸಾಧ್ಯವಾದಷ್ಟೂ ಈಗಾಗಲೇ ಇರುವ ತೂತುಗಳಲ್ಲೇ ಸ್ಕ್ರೂ ಹಾಕಿ. ನಡುವೆ ತೆಳುವಾಗಿ ಅರಾಲ್ಡೈಟ್‌ನಂಥ ಎಪಾಕ್ಸಿ. ಬಿಚ್ಚಬೇಕೆನಿಸಿದಾಗ ಬಿಸಿ ಕೊಟ್ಟರೆ ಎಪಾಕ್ಸಿ ಮೆದುವಾಗಿ ಬಿಡುತ್ತದೆ.

ಸತುವಿನ ಎರಕದ ಭಾಗಗಳು ಊದಿಕೊಂಡು, ಮೈತುಂಬ ಜೇಡರ ಬಲೆಯಂಥ ಬಿರುಕು ಬಿಟ್ಟಿದ್ದರೆ ಅದು ಲೋಹದೊಳಗಿನ ರೋಗ. ಎರಕ ಹೊಯ್ಯುವಾಗಲೇ ಸೇರಿದ ಸೀಸದಂಥ ಕಲ್ಮಶ ಅದಕ್ಕೆ ಕಾರಣ. ಅದಕ್ಕೆ ಮದ್ದಿಲ್ಲ. ಓಡಿಸುವ ಆಸೆ ಬಿಟ್ಟು, ಆ ಭಾಗವನ್ನು ಅಳೆದಿಟ್ಟುಕೊಂಡು ಹಿತ್ತಾಳೆಯಲ್ಲಿ ಇನ್ನೊಂದು ಮಾಡಿಕೊಳ್ಳಿ.

ಮೆಗ್ನೀಸಿಯಂ ಚಾಸಿಯ ಹತ್ತಿರ ಐರನ್ ತರಲೇಬೇಡಿ. ಮಾಮೂಲಿ ಸೋಲ್ಡರ್ ಹಿಡಿಯುವುದಿಲ್ಲ, ಆ್ಯಸಿಡ್ ಫ್ಲಕ್ಸ್ ಲೋಹವನ್ನೇ ತಿನ್ನುತ್ತದೆ. ಚಕ್ರದಿಂದ ಉಜ್ಜಿದರೆ ಹಾರುವ ಪುಡಿ ಕಿಡಿ ತಗುಲಿ ಹೊತ್ತಿಕೊಳ್ಳಬಹುದು, ನೀರು ಹಾಕಿದರೆ ಇನ್ನೂ ಜೋರಾಗಿ ಉರಿಯುತ್ತದೆ. ಕೈ ಅರದಿಂದ ನಿಧಾನಕ್ಕೆ ಉಜ್ಜಿ, ಪುಡಿಯನ್ನು ಆಗಾಗ ಗುಡಿಸಿ ತೆಗೆಯಿರಿ. ಬಿರುಕಿಗೆ ಎಪಾಕ್ಸಿ ಮತ್ತು ಒಳಗಿನಿಂದ ತೆಳು ಹಿತ್ತಾಳೆ ತೇಪೆ. ಆದರೆ ಹಿತ್ತಾಳೆ ನೇರವಾಗಿ ಮೆಗ್ನೀಸಿಯಂ ಮುಟ್ಟದಂತೆ ನಡುವೆ ಎಪಾಕ್ಸಿಯ ಪೂರ್ತಿ ಪದರ ಇರಲೇಬೇಕು. ಇಲ್ಲದಿದ್ದರೆ ತೇವದ ಗಾಳಿಯಲ್ಲಿ ಎರಡು ಲೋಹ ಸೇರಿ ಮೆಗ್ನೀಸಿಯಂ ಬೇಗ ಬಿಳಿ ಪುಡಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಇಂಥ ಚಾಸಿಯನ್ನು ಮೇಣ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಮಳೆಗಾಲ ಶುರುವಾಗುವ ಮೊದಲು ಪೊಟ್ಟಣ ಬದಲಿಸಿ.